ಗಾಂಧಾರ ಯಾರ ಪಾಲಿಗೆ? ಹಾರ್ಡ್ ರಾಕ್‌ನ ಕೀಬೋರ್ಡ್ ಮತ್ತು ಬೆಳಗಾವಿ–ಖಾನಾಪುರದ ಪೇಟಿ: ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಹಾರ್ಡ್ ರಾಕ್ ಮತ್ತು ಹೆವಿ ಮೆಟಲ್ ಗಿಟಾರ್ ಪ್ರಧಾನ ಸಂಗೀತ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದರಲ್ಲಿ ಕೀಬೋರ್ಡಿನ ಕೆಲಸವೇನು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಹೆಚ್ಚಾಗಿ ಎರಡು: ಅದು ಹಿನ್ನೆಲೆ ತುಂಬುತ್ತದೆ, ಅಥವಾ ಗಿಟಾರಿನೊಡನೆ ಪೈಪೋಟಿಗೆ ನಿಲ್ಲುತ್ತದೆ. ಎರಡೂ ತಪ್ಪಲ್ಲ, ಆದರೆ ಪರೀಕ್ಷಿಸಲು ಬಾರದಷ್ಟು ಸಡಿಲ. ಪ್ರಸ್ತುತ ಟಿಪ್ಪಣಿ ಪ್ರಶ್ನೆಯನ್ನು ಒಂದೇ ಸ್ವರಾಂತರಕ್ಕೆ ಇಳಿಸಿಕೊಂಡಿದೆ: ಷಡ್ಜದಿಂದ ಶುದ್ಧ ಗಾಂಧಾರದವರೆಗಿನ ಅಂತರ. ಮೇಳದಲ್ಲಿ ಆ ಗಾಂಧಾರವನ್ನು ಹೊರುವವರು ಯಾರು, ಬಿಟ್ಟುಕೊಡುವವರು ಯಾರು?

ಹೋಲಿಕೆಗೆ ಆಯ್ದುಕೊಂಡಿರುವುದು ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ಪೇಟಿ, ಅಂದರೆ ಹಾರ್ಮೋನಿಯಂ. ಆಯ್ಕೆಗೆ ಕಾರಣವಿದೆ. ಮನೆಗಳಿರುವ (ಅಂದರೆ ಒತ್ತುವ ಕೀಲಿಗಳಿರುವ) ವಾದ್ಯವೊಂದು, ಸ್ವರವನ್ನು ಜಾರಿಸಬಲ್ಲ ಪ್ರಧಾನ ಧ್ವನಿಯ ಪಕ್ಕದಲ್ಲಿ ಕುಳಿತು, ದೀರ್ಘಕಾಲ ಆಕ್ಷೇಪಕ್ಕೆ ಒಳಗಾಗಿ, ಆದರೂ ಬಿಡಲಾಗದ್ದಾಗಿ ಉಳಿದ ಉದಾಹರಣೆ ಈ ಪ್ರದೇಶದಲ್ಲಿ ಚೆನ್ನಾಗಿ ದಾಖಲಾಗಿದೆ. ಎರಡು ಸಂಗೀತಗಳ ನಡುವೆ ಕೊಡುಕೊಳ್ಳುವಿಕೆ ನಡೆಯಿತು ಎಂಬ ವಾದ ಇಲ್ಲಿಲ್ಲ. ಹೋಲಿಕೆ ಕೆಲಸದ್ದು, ವಂಶಾವಳಿಯದ್ದಲ್ಲ.

2. ಅಳತೆ

2.1. ಸಪ್ತಕವನ್ನು 1200 ಸೆಂಟ್‌ಗಳಾಗಿ ಭಾಗಿಸುವ ರೂಢಿಯನ್ನು ಅನುಸರಿಸಲಾಗಿದೆ. ಅಂಗಡಿಯಲ್ಲಿ ಸಿಗುವ ಪೇಟಿ, ಹ್ಯಾಮಂಡ್ ಆರ್ಗನ್, ಸಿಂಥಸೈಜರ್ ಇವೆಲ್ಲವುಗಳಲ್ಲಿ ಸಪ್ತಕಕ್ಕೆ 12 ಸಮ ಮನೆಗಳು. ಒಂದೊಂದು ಮನೆಗೂ 100 ಸೆಂಟ್. ಆದ್ದರಿಂದ ಶುದ್ಧ ಗಾಂಧಾರ 400, ಶುದ್ಧ ಮಧ್ಯಮ 500, ಪಂಚಮ 700ಕ್ಕೆ ಬೀಳುತ್ತವೆ. ಸಹಜ ಅನುಪಾತಗಳಾದ 5:4, 4:3, 3:2 ಕೊಡುವ ಬೆಲೆಗಳು ಕ್ರಮವಾಗಿ 386.3, 498.0 ಮತ್ತು 702.0. ಪಂಚಮ, ಮಧ್ಯಮಗಳಲ್ಲಿ ವ್ಯತ್ಯಾಸ 2 ಸೆಂಟ್. ಕಿವಿ ಅದನ್ನು ಸಾಮಾನ್ಯವಾಗಿ ಮನ್ನಿಸುತ್ತದೆ. ಗಾಂಧಾರದಲ್ಲಿ ಮಾತ್ರ ಅದು 13.7 ಸೆಂಟ್, ಪೇಟಿಯ ಗಾಂಧಾರ ಅಷ್ಟು ಏರು. ಮುಂದೆ ಇದನ್ನು ‘14 ಸೆಂಟ್’ ಎಂದು ಸುತ್ತಂಕಿಯಲ್ಲಿ ಹೇಳಲಾಗಿದೆ.

2.2. ತಂಬೂರಿಯ ಎದುರು ಈ ಅಂತರ ಹೇಗೆ ಕೇಳುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಗಾಯಕರ ಷಡ್ಜ ‘ಕರಿ ಒಂದು’, 138.59 ಹರ್ಟ್ಸ್ ಎಂದಿಟ್ಟುಕೊಂಡರೆ, ಸಹಜ ಗಾಂಧಾರ 173.24 ಹರ್ಟ್ಸ್, ಪೇಟಿಯದು 174.61. ಎರಡೂ ಒಟ್ಟಿಗೆ ನಿಂತರೆ ಸೆಕೆಂಡಿಗೆ ಸುಮಾರು 1.4 ಮಿಡಿತ. ತಂಬೂರಿಯ ಖರ್ಜದ ತಂತಿಯಿಂದ ಹೊಮ್ಮುವ ಸ್ವಯಂಭೂ ಗಾಂಧಾರ ಸಹಜ ಅನುಪಾತದ್ದು. ಹಾಗಾಗಿ ಪೇಟಿಯ ಗಾಂಧಾರವನ್ನು ಹಿಡಿದು ನಿಲ್ಲಿಸಿದಷ್ಟೂ ಈ ಮಿಡಿತ ಎದ್ದು ಕಾಣುತ್ತದೆ. ಮುಟ್ಟಿ ಬಿಟ್ಟರೆ ಕಾಣುವುದಿಲ್ಲ. ಈ ಕೊನೆಯ ಮಾತು ವಿಭಾಗ 7ಕ್ಕೆ ಮುಖ್ಯ.

2.3. ಹಾರ್ಡ್ ರಾಕ್‌ನಲ್ಲಿ ತಂಬೂರಿ ಇಲ್ಲ. ಆ ಸ್ಥಾನದಲ್ಲಿ ಡಿಸ್ಟಾರ್ಷನ್ ಇದೆ. ಎರಡು ಸ್ವರಗಳನ್ನು ಒಟ್ಟಿಗೆ ಆಂಪ್ಲಿಫೈಯರಿನ ತಾಳಿಕೆಯನ್ನು ಮೀರಿ ಒತ್ತಿದಾಗ, ಅವುಗಳ ಮೊತ್ತ ಮತ್ತು ವ್ಯತ್ಯಾಸಗಳ ಕಂಪನಾಂಕದಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ. ಷಡ್ಜ 110 ಹರ್ಟ್ಸ್ ಇದ್ದಾಗ ಸಮವಿಭಾಗದ ಪಂಚಮ 164.81. ವ್ಯತ್ಯಾಸ 54.81 ಹರ್ಟ್ಸ್, ಇದು ಕೆಳಗಿನ ಸಪ್ತಕದ ಷಡ್ಜಕ್ಕೆ (55) ಸುಮಾರು 6 ಸೆಂಟ್ ಮಾತ್ರ ಇಳಿ. ಅಂದರೆ ಡಿಸ್ಟಾರ್ಷನ್ ಹುಟ್ಟಿಸಿದ ಸ್ವರ ತಾನಾಗಿಯೇ ತಳದ ಷಡ್ಜವಾಗುತ್ತದೆ. ಗಿಟಾರಿಗರು ‘ಪವರ್ ಕಾರ್ಡ್’ ಎನ್ನುವ ಸ-ಪ ಜೋಡಿಯ ಗಟ್ಟಿತನಕ್ಕೆ ಇದು ಒಂದು ಕಾರಣ.

ಅದೇ ಷಡ್ಜಕ್ಕೆ ಸಮವಿಭಾಗದ ಗಾಂಧಾರ 138.59. ವ್ಯತ್ಯಾಸ 28.59 ಹರ್ಟ್ಸ್, ಸರಿಯಾದ ಷಡ್ಜ 27.5. ತಪ್ಪು ಸುಮಾರು 67 ಸೆಂಟ್, ಅರ್ಧ ಸ್ವರದ ಮೂರನೆಯ ಎರಡು ಪಾಲು. ಇಷ್ಟು ಮಂದ್ರದ ಸ್ವರ ಕಿವಿಗೆ ಸ್ಪಷ್ಟವಾಗದು ಎಂಬ ಆಕ್ಷೇಪ ನ್ಯಾಯವೇ. ಆದರೆ ಅದರ ಮೇಲೆ ಹುಟ್ಟುವ ಇನ್ನೆರಡು ಸ್ವರಗಳು (81.41 ಮತ್ತು 167.18 ಹರ್ಟ್ಸ್) ಸ್ಪಷ್ಟವಾಗಿ ಕೇಳುವ ವ್ಯಾಪ್ತಿಯಲ್ಲೇ ಇದ್ದು, ಇರಬೇಕಾದ ಸ್ಥಾನದಿಂದ 23 ಸೆಂಟ್‌ನಷ್ಟು ಒಂದು ಇಳಿದು, ಇನ್ನೊಂದು ಏರಿ ನಿಲ್ಲುತ್ತವೆ. ಮೂಲದಲ್ಲಿ 14 ಸೆಂಟ್ ಇದ್ದ ದೋಷವನ್ನು ಡಿಸ್ಟಾರ್ಷನ್ ಹಿಗ್ಗಿಸಿ ತೋರಿಸುತ್ತದೆ.

3. ಹ್ಯಾಮಂಡ್ ಆರ್ಗನ್

3.1. ಲಾರೆನ್ಸ್ ಹ್ಯಾಮಂಡ್ ರೂಪಿಸಿದ ಆರ್ಗನ್ 1935ರಲ್ಲಿ ಮಾರುಕಟ್ಟೆಗೆ ಬಂತು. ರಾಕ್ ಸಂಗೀತದಲ್ಲಿ ಹೆಸರಾದ ಬಿ-3 ಮತ್ತು ಸಿ-3 ಮಾದರಿಗಳ ಆರಂಭವನ್ನು ಕೆಲವರು 1954 ಎಂದೂ ಕೆಲವರು 1955 ಎಂದೂ ಬರೆಯುತ್ತಾರೆ. ಚಕ್ರಗಳಿಂದ ಸ್ವರ ಹುಟ್ಟಿಸುವ ಈ ಯಂತ್ರಗಳ ತಯಾರಿಕೆ 1970ರ ದಶಕದ ನಡುವೆ ನಿಂತಿತು.

ಇದರ ಶ್ರುತಿ ಹಲ್ಲುಚಕ್ರಗಳ ಲೆಕ್ಕದಿಂದ ನಿಗದಿಯಾಗಿದೆ. 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ ಯಂತ್ರದಲ್ಲಿ ಮುಖ್ಯ ದಂಡ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಪಾಶ್ಚಾತ್ಯ ಪದ್ಧತಿಯ ‘ಎ’ ಸ್ವರಕ್ಕೆ ಗೇರಿನ ಅನುಪಾತ 88:64, ಚಕ್ರದ ಹಲ್ಲು 16. ಗುಣಿಸಿದರೆ ಸರಿಯಾಗಿ 440 ಹರ್ಟ್ಸ್. ‘ಸಿ’ ಸ್ವರಕ್ಕೆ ಅನುಪಾತ 85:104, ಫಲ 261.54, ಇರಬೇಕಾದದ್ದು 261.63. ತಪ್ಪು 0.6 ಸೆಂಟ್. ಪೂರ್ಣಾಂಕದ ಹಲ್ಲುಗಳಿಂದ ಸಮವಿಭಾಗವನ್ನು ಇಷ್ಟು ಹತ್ತಿರ ಹಿಡಿದದ್ದು ದೊಡ್ಡ ಕುಶಲತೆ. ಹ್ಯಾಮಂಡ್ ಗಡಿಯಾರ ತಯಾರಕರೂ ಆಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

3.2. ಈ ಲೆಕ್ಕಕ್ಕೆ ಒಂದು ಪರಿಣಾಮವಿದೆ, ಅದು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹ್ಯಾಮಂಡ್‌ನಲ್ಲಿ ಧ್ವನಿಯ ಬಣ್ಣವನ್ನು 9 ಡ್ರಾಬಾರ್‌ಗಳಿಂದ ಹೊಂದಿಸುತ್ತಾರೆ. ಒಂದೊಂದು ಡ್ರಾಬಾರ್ ಒಂದೊಂದು ಉಪಸ್ವರವನ್ನು ಸೇರಿಸುತ್ತದೆ. ಆದರೆ ಉಪಸ್ವರಗಳಿಗೆ ಪ್ರತ್ಯೇಕ ಚಕ್ರಗಳಿಲ್ಲ. ಬೇರೆ ಮನೆಗಳ ಚಕ್ರಗಳನ್ನೇ ಎರವಲು ಪಡೆಯಲಾಗುತ್ತದೆ. ಆದ್ದರಿಂದ 1⅗ ಅಡಿ ಎಂದು ಗುರುತಿಸಿದ ಡ್ರಾಬಾರ್ ಕೊಡುವ ಐದನೆಯ ಉಪಸ್ವರ, ಅಂದರೆ ಗಾಂಧಾರ, ಸಹಜ ಸ್ಥಾನದಿಂದ 14 ಸೆಂಟ್ ಏರು. ಒಂದೇ ಮನೆಯನ್ನು ಒತ್ತಿದರೂ ಪೇಟಿಯ ಆ ದೋಷ ಹ್ಯಾಮಂಡ್‌ನ ನಾದದೊಳಗೇ ಕೂತಿರುತ್ತದೆ. ಮೊದಲ ಮೂರು ಡ್ರಾಬಾರ್‌ಗಳಲ್ಲಿ (16 ಅಡಿ, 5⅓ ಅಡಿ, 8 ಅಡಿ) ಷಡ್ಜ, ಪಂಚಮಗಳಿಗಿಂತ ಬೇರೆ ಸ್ವರವಿಲ್ಲ. ಜಾಝ್ ಮತ್ತು ರಾಕ್ ವಾದಕರಲ್ಲಿ ಈ ಮೂರನ್ನು ಪೂರ್ತಿ ಎಳೆದಿಡುವುದು ಬಹಳ ಸಾಮಾನ್ಯ. ರೂಢಿಗೆ ಈ ಲೆಕ್ಕವೇ ಕಾರಣ ಎನ್ನಲಾಗದು. ಲೆಕ್ಕ ಮತ್ತು ರೂಢಿ ಒಂದಕ್ಕೊಂದು ಎದುರಾಗುವುದಿಲ್ಲ ಎಂದಷ್ಟೇ ಹೇಳಬಹುದು.

3.3. ಡೀಪ್ ಪರ್ಪಲ್ ತಂಡ 1968ರಲ್ಲಿ ಇಂಗ್ಲೆಂಡಿನಲ್ಲಿ ಕೂಡಿಕೊಂಡಿತು. ಅದರ ಆರ್ಗನ್ ವಾದಕ ಜಾನ್ ಲಾರ್ಡ್ (1941–2012) ಹ್ಯಾಮಂಡ್ ಸಿ-3 ಅನ್ನು ವಾಡಿಕೆಯ ತಿರುಗುವ ಲೆಸ್ಲಿ ಸ್ಪೀಕರಿನ ಬದಲು ಗಿಟಾರಿಗರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಇದನ್ನು ಸಾಮಾನ್ಯವಾಗಿ ಗಟ್ಟಿ ಸದ್ದಿನ ಉಪಾಯವೆಂದು ವಿವರಿಸುತ್ತಾರೆ. ವಿಭಾಗ 2.3ರ ಲೆಕ್ಕದ ಪ್ರಕಾರ ಅದು ಸ್ವರಗಳ ಆಯ್ಕೆಯನ್ನೂ ಬಿಗಿಗೊಳಿಸುವ ನಿರ್ಧಾರ: ಒಮ್ಮೆ ಆರ್ಗನ್ ಡಿಸ್ಟಾರ್ಷನ್‌ಗೆ ಒಳಗಾದರೆ ಗಿಟಾರಿಗಿರುವ ನಿರ್ಬಂಧ ಅದಕ್ಕೂ ಬರುತ್ತದೆ.

1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಧ್ವನಿಮುದ್ರಿಸಿ, 1972ರ ಮಾರ್ಚಿನಲ್ಲಿ ಬಿಡುಗಡೆಯಾದ ‘ಮಷೀನ್ ಹೆಡ್’ ಇದಕ್ಕೆ ಒಳ್ಳೆಯ ಸಾಕ್ಷ್ಯ. ಅದರಲ್ಲಿನ ‘ಸ್ಮೋಕ್ ಆನ್ ದ ವಾಟರ್’ನ ಪ್ರಸಿದ್ಧ ರಿಫ್ (ಮರುಕಳಿಸುವ ಧಾಟಿ) ಜೋಡಿ ಸ್ವರಗಳದ್ದು, ಅಂತರ ಎಲ್ಲ ಕಡೆಯೂ ಮಧ್ಯಮದ್ದು, ಅಂದರೆ ದೋಷ 2 ಸೆಂಟ್ ಮಾತ್ರ ಇರುವ ಅಂತರ. ಗಿಟಾರಿನ ನಂತರ ಆರ್ಗನ್ ಸೇರಿಕೊಂಡು ಅದೇ ಜೋಡಿಗಳನ್ನು ನುಡಿಸುತ್ತದೆ. ಗಾಂಧಾರವನ್ನು ಸೇರಿಸಿ ‘ತುಂಬುವ’ ಪ್ರಯತ್ನವಿಲ್ಲ. ಅದೇ ಆಲ್ಬಮ್ಮಿನ ‘ಹೈವೇ ಸ್ಟಾರ್’ನಲ್ಲಿ ಆರ್ಗನ್ನಿನ ಸ್ವತಂತ್ರ ಭಾಗ ಬಿಡಿ ಸ್ವರಗಳ ಸರಣಿ, ಮೂರು ಸ್ವರಗಳ ಸ್ವರಮೇಳವನ್ನು ಸ್ವರ ಬಿಡಿಸಿ ನುಡಿಸಿದಂತೆ. ಬಿಡಿಸಿದಾಗ ಗಾಂಧಾರ ಷಡ್ಜದೊಡನೆ ಒಟ್ಟಿಗೆ ಡಿಸ್ಟಾರ್ಷನ್‌ಗೆ ಬೀಳುವುದಿಲ್ಲ.

ಇದಕ್ಕೆ ವಿರುದ್ಧ ಸಾಕ್ಷ್ಯವೂ ಅದೇ ತಂಡದಲ್ಲಿದೆ ಎಂಬುದನ್ನು ದಾಖಲಿಸಬೇಕು. 1970ರ ‘ಚೈಲ್ಡ್ ಇನ್ ಟೈಮ್’ನ ಆರಂಭದಲ್ಲಿ ಆರ್ಗನ್ ಮೆಲುದನಿಯಲ್ಲಿ ಪೂರ್ಣ ಸ್ವರಮೇಳಗಳನ್ನು ನುಡಿಸುತ್ತದೆ. ಆದರೆ ಅಲ್ಲಿ ಡಿಸ್ಟಾರ್ಷನ್ ಬಹಳ ಕಡಿಮೆ. ಹಾಗಾಗಿ ಅದು ನಿಯಮವನ್ನು ಮುರಿಯುವ ಬದಲು ಅದರ ಷರತ್ತನ್ನು ತೋರಿಸುತ್ತದೆ ಎಂದು ಓದುವುದು ಹೆಚ್ಚು ಸರಿ. ಈ ಹಾಡಿನ ಧಾಟಿಯ ಮೂಲ ಅಮೆರಿಕದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ತಂಡದ 1969ರ ‘ಬಾಂಬೆ ಕಾಲಿಂಗ್’ ಎಂಬುದು ತಂಡದವರೇ ಒಪ್ಪಿದ ಸಂಗತಿ. ಹೆಸರಿನಲ್ಲಿ ಬಾಂಬೆ ಇರುವುದರಿಂದ ಹಿಂದೂಸ್ತಾನಿ ಪ್ರಭಾವವನ್ನು ಊಹಿಸುವುದು ಅವಸರ. ಗಮನಿಸಬೇಕಾದದ್ದು ಬೇರೆ: ಮೂಲದಲ್ಲಿ ಪಿಟೀಲು ನುಡಿಸಿದ ಧಾಟಿ ಇಲ್ಲಿ ಆರ್ಗನ್ನಿಗೆ ಬಂತು. ಖ್ಯಾಲ್ ಗಾಯನದಲ್ಲಿ ಸಾರಂಗಿಯ ಜಾಗಕ್ಕೆ ಪೇಟಿ ಬಂದದ್ದೂ ಇದೇ ಬಗೆಯ ಬದಲಾವಣೆ, ಕಮಾನಿನ ವಾದ್ಯದಿಂದ ಮನೆಗಳ ವಾದ್ಯಕ್ಕೆ.

4. ಸಿಂಥಸೈಜರ್: ಕೆಲಸದ ಹಂಚಿಕೆ

ಹಾರ್ಡ್ ರಾಕ್ ಕೀಬೋರ್ಡನ್ನು ವಿರೋಧಿಸಿತು ಎಂಬ ಸಾಮಾನ್ಯ ಹೇಳಿಕೆಗೆ ತಿದ್ದುಪಡಿ ಬೇಕು. ಕ್ವೀನ್ ತಂಡ 1970ರ ದಶಕದ ತನ್ನ ಹಲವು ಆಲ್ಬಮ್‌ಗಳ ಹೊದಿಕೆಯಲ್ಲಿ ಸಿಂಥಸೈಜರ್ ಬಳಸಿಲ್ಲ ಎಂದು ಅಚ್ಚು ಹಾಕಿತ್ತು. 1980ರ ‘ದ ಗೇಮ್’ನಲ್ಲಿ ಮೊದಲ ಬಾರಿ ಬಳಸಿತು. ಆದರೆ ಅದೇ ಆಲ್ಬಮ್‌ಗಳಲ್ಲಿ ಪಿಯಾನೊ ಧಾರಾಳವಾಗಿದೆ. ಆಕ್ಷೇಪ ಮನೆಗಳ ಬಗ್ಗೆ ಇರಲಿಲ್ಲ. ಪದರ ಪದರವಾಗಿ ಕೂಡಿಸಿದ ಗಿಟಾರಿನ ನಾದವನ್ನು ಯಂತ್ರದ್ದೆಂದು ಕೇಳುಗರು ತಿಳಿಯಬಾರದು ಎಂಬುದು ಅದರ ಉದ್ದೇಶವೆಂದು ತೋರುತ್ತದೆ.

ವ್ಯಾನ್ ಹೇಲನ್ ತಂಡದ ‘ಜಂಪ್’ (ಸಿಂಗಲ್ ಡಿಸೆಂಬರ್ 1983, ಆಲ್ಬಮ್ 1984) ತಿರುವಿನ ಕೃತಿ. ಓಬರ್‌ಹೈಮ್ ಓಬಿ-ಎಕ್ಸ್ಎ ಸಿಂಥಸೈಜರ್ ಅಲ್ಲಿ ಮೂರು ಸ್ವರಗಳ ಪೂರ್ಣ ಸ್ವರಮೇಳಗಳನ್ನು, ಗಾಂಧಾರ ಸಮೇತ, ಡಿಸ್ಟಾರ್ಷನ್ ಇಲ್ಲದೆ ನುಡಿಸುತ್ತದೆ. ಗಿಟಾರ್ ತನ್ನ ಸ್ವತಂತ್ರ ಭಾಗದವರೆಗೆ ಬಹುಪಾಲು ಹಿಂದೆ ಉಳಿಯುತ್ತದೆ. ಮುಂದೆ 1990ರ ದಶಕದಲ್ಲಿ, ನಾರ್ವೆಯ ಎಂಪರರ್ ತಂಡದ 1994ರ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ನಲ್ಲಿ, ಆಮೇಲೆ ಫಿನ್‌ಲೆಂಡಿನ ನೈಟ್‌ವಿಶ್‌ನಂಥ ತಂಡಗಳಲ್ಲಿ, ಇದೇ ಹಂಚಿಕೆ ಗಟ್ಟಿಯಾಯಿತು: ಗಿಟಾರುಗಳಿಗೆ ಷಡ್ಜ-ಪಂಚಮ, ಕೀಬೋರ್ಡಿಗೆ ಗಾಂಧಾರ. ಸ್ವರಮೇಳ ಹಿಗ್ಗಿನದೋ ದುಗುಡದ್ದೋ ಎಂಬುದನ್ನು ನಿರ್ಧರಿಸುವ ಸ್ವರ ಗಾಂಧಾರವೇ (ಶುದ್ಧವೋ ಕೋಮಲವೋ). ಆದ್ದರಿಂದ ಈ ತಂಡಗಳಲ್ಲಿ ಕೀಬೋರ್ಡ್ ಬರೀ ಹಿನ್ನೆಲೆ ಎಂಬ ಮಾತನ್ನು ಒಪ್ಪುವುದು ಕಷ್ಟ. ಅದನ್ನು ತೆಗೆದರೆ ಗಟ್ಟಿತನ ಉಳಿಯುತ್ತದೆ, ಭಾವದ ದಿಕ್ಕು ಹೋಗುತ್ತದೆ.

ಇಷ್ಟು ಮುಖ್ಯವಾದ ಕೆಲಸಗಾರ ಕಣ್ಣಿಗೆ ಕಾಣದಿರುವುದು ಮೆಟಲ್‌ನ ಒಂದು ವಿಚಿತ್ರ ರೂಢಿ. ಬ್ಲ್ಯಾಕ್ ಸಬ್ಬಾತ್‌ನ ಜೆಫ್ ನಿಕೋಲ್ಸ್ 1980ರ ದಶಕದಲ್ಲಿ ಹೆಚ್ಚಾಗಿ ವೇದಿಕೆಯ ಮರೆಯಲ್ಲೇ ನುಡಿಸಿದರು. ಐರನ್ ಮೇಡನ್‌ನ ಪ್ರವಾಸಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಮೈಕೆಲ್ ಕೆನಿ ಬೇಸ್ ಗಿಟಾರಿನ ತಂತ್ರಜ್ಞರೂ ಹೌದು. ಅವರ ಜಾಗವೂ ಮರೆಯಲ್ಲೇ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡ ನುಡಿಸಿದಾಗ ಸಭಿಕರಿಗೆ ಕಂಡವರು ಆರು ಜನ ಸದಸ್ಯರು. 2023ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದ ಡೀಪ್ ಪರ್ಪಲ್‌ನದು ಬೇರೆ ರೂಢಿ: 2002ರಲ್ಲಿ ಲಾರ್ಡ್ ಅವರ ಸ್ಥಾನಕ್ಕೆ ಬಂದ ಡಾನ್ ಏರಿ ವೇದಿಕೆಯ ಮೇಲೆ, ಹ್ಯಾಮಂಡ್ ಸಮೇತ, ಎಲ್ಲರಿಗೂ ಕಾಣುವಂತೆ ಕೂರುವವರು.

5. ಪೇಟಿ ಬಂದ ದಾರಿ

ಹಾರ್ಮೋನಿಯಂ ಹೆಸರಿನಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅದು ಕಾಲಿನಿಂದ ತಿದಿ ಒತ್ತುವ ವಾದ್ಯ. ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಹಾಕುವ ರೂಪವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರಿಗೆ ಸಲ್ಲಿಸುವುದು ವಾಡಿಕೆ. ವರ್ಷದ ಬಗ್ಗೆ ಮಾತ್ರ ಒಮ್ಮತವಿಲ್ಲ. 1875 ಎಂದು ಬರೆಯುವವರು ಅಂಗಡಿಯ ಸ್ಥಾಪನೆಯನ್ನು ವಾದ್ಯದ ಹುಟ್ಟಿನೊಡನೆ ಬೆರೆಸುತ್ತಿರುವಂತಿದೆ. 1884, 1887 ಎಂಬ ವರ್ಷಗಳೂ ಬಳಕೆಯಲ್ಲಿವೆ. 1880ರ ದಶಕ ಎನ್ನುವುದು ಸದ್ಯಕ್ಕೆ ಸುರಕ್ಷಿತ.

ಬೆಳಗಾವಿ ಸೀಮೆಗೆ ಪೇಟಿಯನ್ನು ಮನೆಮಾತಾಗಿಸಿದ್ದು ಬಹುಮಟ್ಟಿಗೆ ರಂಗಭೂಮಿ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ (ಜನನ 1843) ಇದೇ ಜಿಲ್ಲೆಯ ಗುರ್ಲಹೊಸೂರಿನವರು. ಅವರ ‘ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. 1913ರಲ್ಲಿ ಬಾಲಗಂಧರ್ವರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಗೋವಿಂದರಾವ್ ಟೇಂಬೆ ಅವರೇ ದೊಡ್ಡ ಹಾರ್ಮೋನಿಯಂ ವಾದಕರು. ಕನ್ನಡ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಬಳಕೆಗೆ ಬಂತು. ತಿದಿ ಕಾಲಿಗೆ ಹೋದದ್ದರಿಂದ ಎರಡೂ ಕೈ ಮನೆಗಳ ಮೇಲೆ. ರಂಗದ ಮೇಲಿನ ನಟ ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವರೆಗೆ ಹಾಡಬೇಕಿದ್ದ ಕಾಲದಲ್ಲಿ ವಾದ್ಯದಿಂದ ಬೇಕಾಗಿದ್ದುದು ಮೊದಲು ಗಟ್ಟಿತನ, ಆಮೇಲೆ ಸೂಕ್ಷ್ಮ. ಈ ಅಂಶದಲ್ಲಿ ಕಂಪನಿ ನಾಟಕದ ಪೇಟಿ, ಖ್ಯಾಲ್ ಬೈಠಕಿನ ಪೇಟಿಗಿಂತ ಹ್ಯಾಮಂಡ್‌ಗೆ ಹತ್ತಿರ.

ಶ್ರುತಿಯ ಅತೃಪ್ತಿಯೂ ಈ ಭಾಗದಲ್ಲಿ ಬೇಗನೆ ಕಾಣಿಸಿಕೊಂಡಿತು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ 22 ಶ್ರುತಿಗಳ ಮೇಲೆ ಪುಸ್ತಕ ಪ್ರಕಟಿಸಿದರು. ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರ ಗ್ರಂಥ 1913ರದ್ದು. ಇಬ್ಬರೂ ಸೇರಿ ಹೆಚ್ಚುವರಿ ಸ್ವರಗಳ ಶ್ರುತಿ ಹಾರ್ಮೋನಿಯಂ ಮಾಡಿಸಿದರು. 1916ರ ಬರೋಡ ಸಂಗೀತ ಪರಿಷತ್ತಿನಲ್ಲಿ ಅದು ಚರ್ಚೆಗೆ ಬಂದು ವಿದ್ವಾಂಸರ ಒಪ್ಪಿಗೆ ಪಡೆಯದೆ ಉಳಿಯಿತು.

6. 1940–1971

ಆಕಾಶವಾಣಿ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿತು. ಆಗ ಅದರ ಮುಖ್ಯಸ್ಥ ಲಯೋನೆಲ್ ಫೀಲ್ಡನ್. ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಜಾನ್ ಫೌಲ್ಡ್ಸ್ 1938ರಲ್ಲೇ ಇದರ ವಿರುದ್ಧ ಬರೆದಿದ್ದರು. ರವೀಂದ್ರನಾಥ ಠಾಕೂರರು 1940ರ ಜನವರಿಯಲ್ಲಿ ಕಲ್ಕತ್ತಾ ನಿಲಯಕ್ಕೆ ಬರೆದ ಪತ್ರದಲ್ಲಿ ಬಹಿಷ್ಕಾರವನ್ನು ಬೆಂಬಲಿಸಿದರು. ಆಕ್ಷೇಪಗಳು ಮುಖ್ಯವಾಗಿ ಎರಡು: ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರಿಕೆ) ಬರುವುದಿಲ್ಲ, ಸಮವಿಭಾಗದ ಸ್ವರಗಳು ರಾಗಕ್ಕೆ ಹೊಂದುವುದಿಲ್ಲ. ಎರಡನೆಯದರ ಗಣಿತ ವಿಭಾಗ 2ರಲ್ಲಿ ಬಂದದ್ದೇ.

1970ರಲ್ಲಿ ನಡೆದ ವಿಚಾರಗೋಷ್ಠಿಯ ಬಳಿಕ 1971ರಲ್ಲಿ ನಿರ್ಬಂಧ ಸಡಿಲವಾಯಿತು. ಇದನ್ನು ‘ನಿಷೇಧ ತೆರವು’ ಎಂದು ಬರೆಯುವುದು ಪೂರ್ತಿ ಸರಿಯಲ್ಲ. ಅನುಮತಿ ಸಿಕ್ಕಿದ್ದು ಪಕ್ಕವಾದ್ಯದ ಸಾಥ್‌ಗೆ, ಅದೂ ಮೇಲಿನ ಶ್ರೇಣಿಯ ಕಲಾವಿದರಿಗೆ ಮೊದಲು. ಸ್ವತಂತ್ರ ವಾದನದ ಮೇಲಿನ ತಡೆ ಮುಂದೆಯೂ ಉಳಿಯಿತು. ಧಾರವಾಡ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಅಂದರೆ ಬೆಳಗಾವಿಯ ಕೇಳುಗರಿಗೆ ಹತ್ತಿರದ ಈ ನಿಲಯ ತನ್ನ ಮೊದಲ 21 ವರ್ಷ ಪೇಟಿ ಇಲ್ಲದ ಗಾಯನವನ್ನೇ ಬಿತ್ತರಿಸಬೇಕಾಗಿತ್ತು. ಅದೇ ಗಾಯಕರು ಊರಿನ ಬೈಠಕಿಗೆ ಬಂದಾಗ ಪಕ್ಕದಲ್ಲಿ ಪೇಟಿ ಇರುತ್ತಿತ್ತು.

7. ರಾಮಭಾವು ಬಿಜಾಪುರೆ ಮತ್ತು ಸಾಥ್‌ನ ರೀತಿ

ಈ ಇಡೀ ಅವಧಿಯನ್ನು ಒಂದೇ ಜೀವನದಲ್ಲಿ ಕಾಣಬಹುದು. ಪಂಡಿತ್ ರಾಮಭಾವು ಬಿಜಾಪುರೆ 1917ರ ಜನವರಿ 7ರಂದು ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ ಹುಟ್ಟಿ, 2010ರ ನವೆಂಬರ್ 19ರಂದು ತೀರಿಕೊಂಡರು. ಅಚ್ಚಿನಲ್ಲಿ ‘ವಿಜಾಪುರೆ’ ಎಂಬ ರೂಪವೂ ಕಾಣುತ್ತದೆ, ವ್ಯಕ್ತಿ ಒಬ್ಬರೇ. 1938ರಲ್ಲಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ತೆರೆದಾಗ ಅವರಿಗೆ 21 ವರ್ಷ; ಬಹಿಷ್ಕಾರ ಜಾರಿಗೆ ಬಂದಾಗ 23; ಸಡಿಲವಾದಾಗ 54. ವಾದಕನೊಬ್ಬನ ಉತ್ಕರ್ಷದ ಮೂರು ದಶಕಗಳು ಬಾನುಲಿಯ ಆಚೆಗೇ ಕಳೆದವು. ಆದರೂ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಇದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ ಇವರೆಲ್ಲರಿಗೂ ಅವರು ಸಾಥ್ ನೀಡಿದರು. ಈ ಹೆಸರುಗಳು ಮುಖ್ಯ: ಸ್ವರಶುದ್ಧಿಯಲ್ಲಿ ರಾಜಿ ಮಾಡಿಕೊಳ್ಳುವ ಗಾಯಕರು ಇವರಲ್ಲಿ ಒಬ್ಬರೂ ಇಲ್ಲ. ವಾದ್ಯದ ದೋಷ ನಿಜ; ವೇದಿಕೆಯ ಮೇಲೆ ಅದು ಬಾಧಿಸಲಿಲ್ಲ. ಹಾಗಾದರೆ ಪರಿಹಾರ ವಾದ್ಯದಲ್ಲಿ ಅಲ್ಲ, ನುಡಿಸುವ ರೀತಿಯಲ್ಲಿ ಇರಬೇಕು.

ಆ ರೀತಿಯನ್ನು ಬೆಳಗಾವಿ–ಧಾರವಾಡ ಕಡೆಯ ಸಾಥ್‌ನಲ್ಲಿ ಸಾಮಾನ್ಯವಾಗಿ ಹೀಗೆ ವಿವರಿಸಬಹುದು. ವಿಲಂಬಿತದಲ್ಲಿ ಪೇಟಿ ಗಾಯಕರ ಹಿಂದೆ ಒಂದು ಉಸಿರಿನಷ್ಟು ತಡವಾಗಿ ಹೋಗುತ್ತದೆ. ಗಾಯಕರು ಗಾಂಧಾರದ ಮೇಲೆ ನ್ಯಾಸ ಮಾಡಿದಾಗ ವಾದಕರು ಆ ಮನೆಯನ್ನು ಒತ್ತಿ ಹಿಡಿಯುವ ಬದಲು ತಿದಿಯ ಒತ್ತಡ ಇಳಿಸುತ್ತಾರೆ, ಅಥವಾ ಷಡ್ಜ-ಪಂಚಮಗಳಿಗೆ ಸರಿಯುತ್ತಾರೆ, ಇಲ್ಲವೇ ಗಾಂಧಾರವನ್ನು ಕಣಸ್ವರವಾಗಿ ಮುಟ್ಟಿ ಬಿಡುತ್ತಾರೆ. ಮೀಂಡ್‌ನ ಜಾಗದಲ್ಲಿ ನಡುವಿನ ಮನೆಗಳನ್ನು ಬಹಳ ಹಗುರವಾಗಿ ಸವರಿ ಜಾರಿಕೆಯ ಭಾಸ ಹುಟ್ಟಿಸುತ್ತಾರೆ. ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪೇಟಿ ಮುಂದೆ ಬರುತ್ತದೆ. ತಾನುಗಳಲ್ಲಿ ಸ್ವರಗಳು ಎಷ್ಟು ಬೇಗ ಸಾಗುತ್ತವೆಂದರೆ ಸೆಕೆಂಡಿಗೆ 1.4ರ ಮಿಡಿತ ಒಂದು ಸುತ್ತು ಮುಗಿಸಲೂ ಸಮಯವಿಲ್ಲ. ಅಲ್ಲಿ ಪೇಟಿ ಸಂಕೋಚವಿಲ್ಲದೆ ಜೊತೆಗೂಡುತ್ತದೆ.

ಹೀಗಾಗಿ ಎರಡು ಸಂಗೀತಗಳಲ್ಲಿ ಹಂಚಿಕೆ ತಿರುವುಮುರುವು. ಎಂಪರರ್, ನೈಟ್‌ವಿಶ್ ಬಗೆಯ ಸಿಂಫೊನಿಕ್ ಮೆಟಲ್‌ನಲ್ಲಿ ಪ್ರಧಾನ ವಾದ್ಯ ಗಾಂಧಾರವನ್ನು ಬಿಟ್ಟುಕೊಡುತ್ತದೆ, ಕೀಬೋರ್ಡ್ ಹೊರುತ್ತದೆ. ಬೆಳಗಾವಿಯ ಬೈಠಕಿನಲ್ಲಿ ಗಾಯಕರೂ ತಂಬೂರಿಯೂ ಗಾಂಧಾರವನ್ನು ಹೊರುತ್ತಾರೆ, ಪೇಟಿ ಬಿಟ್ಟುಕೊಡುತ್ತದೆ. ಡಿಸ್ಟಾರ್ಷನ್‌ಗೆ ಒಳಗಾದ ಹ್ಯಾಮಂಡ್ ಇವೆರಡರ ನಡುವೆ: ಅದು ಕೀಬೋರ್ಡೇ ಆದರೂ ಗಿಟಾರಿನ ಪಾಲನ್ನು ತಾನೂ ಹಂಚಿಕೊಂಡು ಗಾಂಧಾರವನ್ನು ಬದಿಗಿಡುತ್ತದೆ. ತಬಲಾ ಸೋಲೊಗೆ ಪೇಟಿ ಹಿಡಿಯುವ ಲೆಹರಾ ಇನ್ನೊಂದು ಬೇರೆಯೇ ಸಂದರ್ಭ. ಅಲ್ಲಿ ಒಂದು ಆವರ್ತನದ ಧಾಟಿ ಬದಲಾಗದೆ ಸುತ್ತುತ್ತದೆ, ತಬಲಾ ಮುಂದಿರುತ್ತದೆ. ರಚನೆಯ ದೃಷ್ಟಿಯಿಂದ ಇದು ರಾಕ್‌ನ ರಿಫ್‌ಗೆ ಬಹಳ ಸಮೀಪ.

8. ಖಾನಾಪುರ ತಾಲ್ಲೂಕು: ಭಜನೆ, ಬ್ಯಾಂಜೋ, ಶ್ರುತಿ ಕೂಡಿಸುವ ಪ್ರಶ್ನೆ

ಕನ್ನಡ, ಮರಾಠಿ, ಕೊಂಕಣಿ ಮೂರೂ ಕೇಳಿಬರುವ ಖಾನಾಪುರ ತಾಲ್ಲೂಕಿನಲ್ಲಿ ಪೇಟಿಯ ದೊಡ್ಡ ನೆಲೆ ಬೈಠಕಲ್ಲ, ವಾರಕರಿ ಪದ್ಧತಿಯ ಭಜನೆ. ಅಲ್ಲಿ ಮೃದಂಗ, ಹಲವು ಜೋಡಿ ತಾಳ, ಒಟ್ಟಾಗಿ ಹಾಡುವ ಕೊರಳುಗಳು. ಹಲವರ ಗಾಂಧಾರ ಒಂದೇ ಬಿಂದುವಿನಲ್ಲಿ ಕೂಡುವುದು ಅಪರೂಪವಾದ್ದರಿಂದ 14 ಸೆಂಟ್‌ನ ಮಿಡಿತ ಗುರುತಿಗೇ ಸಿಗಲಾರದು. ತಾಳದ ಲೋಹನಾದ ಉಳಿದದ್ದನ್ನು ಮುಚ್ಚುತ್ತದೆ. ಇಲ್ಲಿ ವಾದಕರಿಗೆ ಬೇಕಾದದ್ದು ಗದ್ದಲವನ್ನು ಸೀಳಿ ಬರುವ ನಾದ. ಡಬಲ್ ರೀಡ್ ಪೇಟಿ, ಖರ್ಜ ಮತ್ತು ಮೇಲಿನ ರೀಡುಗಳನ್ನು ಕೂಡಿಸುವುದು, ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಮನೆಯೂ ಇಳಿಯುವ ಕಪ್ಲರ್, ಇವು ಅದಕ್ಕಿರುವ ಉಪಾಯಗಳು. ಮೂರೂ ಷಡ್ಜಕ್ಕೆ ಷಡ್ಜವನ್ನೇ ಸೇರಿಸುತ್ತವೆ, ಬೇರೆ ಸ್ವರವನ್ನಲ್ಲ. ಹ್ಯಾಮಂಡ್‌ನ 16 ಅಡಿ ಮತ್ತು 8 ಅಡಿ ಡ್ರಾಬಾರ್‌ಗಳ ಜೋಡಿ ಮಾಡುವ ಕೆಲಸವೂ ಇದೇ.

ಗಡಿ ಭಾಗದ ಮೆರವಣಿಗೆಗಳಲ್ಲಿ ಕೇಳುವ ಬ್ಯಾಂಜೋವನ್ನೂ ಇಲ್ಲಿ ಸೇರಿಸಬೇಕು. ಹೆಸರು ಬ್ಯಾಂಜೋ ಆದರೂ ವಾದ್ಯ ಬುಲ್‌ಬುಲ್ ತರಂಗ್. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೋರೊ ಮೊರಿತಾ ರೂಪಿಸಿದ ತೈಶೊಗೊತೊದ ವಂಶದ್ದು. ಮನೆ ಒತ್ತಿದರೆ ತಂತಿ ಮೋಟಾಗುತ್ತದೆ. ಇನ್ನೊಂದು ಕೈಯಿಂದ ಮೀಟಬೇಕು. ಪಿಕಪ್ ಹಾಕಿ ಧ್ವನಿವರ್ಧಕಕ್ಕೆ ಕೊಟ್ಟಾಗ ಅದರ ನಾದ ಒಡೆದು ಗಿಟಾರಿನ ಡಿಸ್ಟಾರ್ಷನ್‌ಗೆ ಬಹಳ ಹತ್ತಿರ ಬರುತ್ತದೆ. ಮನೆಗಳಿಂದ ನುಡಿಯುವ, ಡಿಸ್ಟಾರ್ಷನ್‌ಗೆ ಒಳಗಾದ, ಗುಂಪನ್ನು ಮುನ್ನಡೆಸುವ ವಾದ್ಯ ಎಂಬ ಮೂರು ಲಕ್ಷಣಗಳನ್ನು ಕೂಡಿಸಿ ನೋಡಿದರೆ, ಹಾರ್ಡ್ ರಾಕ್‌ನ ಕೀಬೋರ್ಡಿಗೆ ಈ ಸೀಮೆಯಲ್ಲಿ ಅತ್ಯಂತ ಸಮೀಪದ ವಾದ್ಯ ಪೇಟಿಯಲ್ಲ, ಇದು. ನುಡಿಸುವ ಕ್ರಮವೂ ಲೆಕ್ಕಕ್ಕೆ ಹೊಂದುತ್ತದೆ: ಒಂದು ಸಮಯಕ್ಕೆ ಒಂದೇ ಸ್ವರದ ಧಾಟಿ, ಜೊತೆಗೆ ಶ್ರುತಿಯ ತಂತಿಗಳು. ಗಾಂಧಾರ ಬರುತ್ತದೆ, ಸ್ವರಮೇಳವಾಗಿ ನಿಲ್ಲುವುದಿಲ್ಲ.

ಕೊನೆಯದಾಗಿ ಶ್ರುತಿಯನ್ನೇ ತಿದ್ದುವ ದಾರಿ. ಪೇಟಿಯ ರೀಡುಗಳನ್ನು ಕೆರೆದು ಸಹಜ ಅನುಪಾತಕ್ಕೆ ಕೂಡಿಸುವುದನ್ನು ವಾದಕರು ‘ಗಾಂಧಾರ ಟ್ಯೂನಿಂಗ್’ ಎನ್ನುತ್ತಾರೆ. ಒಬ್ಬ ಗಾಯಕರ ಒಂದು ಷಡ್ಜಕ್ಕೆ ಅದು 14 ಸೆಂಟ್‌ನ ಸಮಸ್ಯೆಯನ್ನು ನಿಜವಾಗಿಯೂ ಅಳಿಸುತ್ತದೆ. ಆದರೆ ಷಡ್ಜವನ್ನು ಬದಲಿಸಿದರೆ? ಹಾಗೆ ಕೂಡಿಸಿದ ಪೇಟಿಯಲ್ಲಿ ಮೂಲ ರಿಷಭವನ್ನು (9:8) ಹೊಸ ಷಡ್ಜವಾಗಿ ಹಿಡಿದರೆ, ಅದರ ಪಂಚಮದ ಜಾಗಕ್ಕೆ ಬರುವುದು ಮೂಲ ಧೈವತ (5:3). ಅನುಪಾತ 40:27, ಅಂದರೆ 680.4 ಸೆಂಟ್, ಪಂಚಮ ಬರೋಬ್ಬರಿ 21.5 ಸೆಂಟ್ ಇಳಿ. ಗಾಂಧಾರದಲ್ಲಿ ಉಳಿಸಿದ್ದಕ್ಕಿಂತ ಪಂಚಮದಲ್ಲಿ ಕಳೆದದ್ದು ಹೆಚ್ಚು. ಸ್ಕೇಲ್ ಚೇಂಜರ್ ಇದ್ದರೂ ಪ್ರಯೋಜನವಿಲ್ಲ: ಅದು ಮನೆಗಳನ್ನು ಸರಿಸುತ್ತದೆ, ರೀಡುಗಳು ಇದ್ದಲ್ಲೇ ಇರುತ್ತವೆ. ಬೈಠಕಿಗೆ ತನ್ನದೇ ಪೇಟಿ ತರುವ ಸಾಥಿದಾರರಿಗೆ ಈ ದಾರಿ ಸಾಧ್ಯ. ಒಂದೇ ರಾತ್ರಿಯಲ್ಲಿ ಒಬ್ಬರು ಕರಿ ಒಂದರಲ್ಲಿ, ಮತ್ತೊಬ್ಬರು ಬಿಳಿ ನಾಲ್ಕರಲ್ಲಿ ಅಭಂಗ ಎತ್ತಿಕೊಳ್ಳುವ ಭಜನಾ ಮೇಳದ ಪೇಟಿಗೆ ಸಾಧ್ಯವಿಲ್ಲ. ಅದು ಸಮವಿಭಾಗದಲ್ಲೇ ಉಳಿಯುವುದಕ್ಕೆ ಈ 21.5 ಸೆಂಟ್ ಸಾಕಷ್ಟು ಕಾರಣ.